ಹನ್ನೊಂದು ಮನೆಯ ಜಾಯಿಂಟು

ಬೆಳಿಗ್ಗೆ ಏಳೂಮುಕ್ಕಾಲಿಗೆ ಸಿಸ್ಟರಮ್ಮನ ಫೋನು ಬಂತು. ಎತ್ತಿದ್ದು ನಾನು. ಮಾವನಿಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ. ನಲವತ್ತು ವರ್ಷ ಕಬ್ಬಿಣದ ಪೈಪು ಕೊಯ್ದ ಕಿವಿ.

"ನಡುಮನೆಯಲ್ಲಿ ನೀರು ಎದ್ದಿದೆ ಕಣಮ್ಮಾ," ಅಂದರು ಸಿಸ್ಟರಮ್ಮ. ಅವರು ನಿವೃತ್ತ ನರ್ಸು, ಒಬ್ಬರೇ ಇರುವವರು. "ಚಪ್ಪಲಿ ತೇಲ್ತಾ ಇದೆ. ನಲ್ಲಿ ಎಲ್ಲಾ ನಿಲ್ಲಿಸಿದೀನಿ, ಆದ್ರೂ ಮೀಟರು ತಿರುಗ್ತಾನೇ ಇದೆ."

"ಗೇಟಿನ ಪಕ್ಕ ಮೇನ್ ವಾಲ್ವ್ ಇದೆಯಲ್ಲ, ಅದನ್ನ ಮುಚ್ಚಿ. ಕರೆಂಟಿನ ಮೇನೂ ಆಫ್ ಮಾಡಿ. ಬಂದ್ವಿ."

"ನೀರು ಎಲ್ಲಿಂದ ಏಳ್ತಾ ಇದೆ ಕೇಳು," ಅಂದರು ಮಾವ, ಬೂಟಿಗೆ ಕಾಲು ತೂರಿಸುತ್ತಾ.

ಕೇಳಿದೆ. ಸಿಸ್ಟರಮ್ಮ ತುಸು ತಡೆದು ಹೇಳಿದರು. "ಹಸಿರು ಟೈಲಿನ ಸುತ್ತ."

ನಾನು ಅದನ್ನು ಗಟ್ಟಿಯಾಗಿ ಮಾವನಿಗೆ ಹೇಳಿದೆ. ಅವರು ಲೇಸು ಕಟ್ಟುವುದನ್ನು ನಿಲ್ಲಿಸಿ, ಮತ್ತೆ ಕಟ್ಟಿದರು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಇಡುತ್ತಿದ್ದ ಸದ್ದು ನಿಂತಿತು.

ಹಸಿರು ಟೈಲು ನನ್ನ ಗಂಡನ ಕೆಲಸ.

ನಮ್ಮ ಬಡಾವಣೆಯಲ್ಲಿ ನಲವತ್ತು ಮನೆಗಳಿವೆ. ಎಲ್ಲವೂ ಒಂದೇ ವರ್ಷ, ಒಂದೇ ನಕ್ಷೆಯಲ್ಲಿ ಎದ್ದವು. ಎಲ್ಲಕ್ಕೂ ನೀರಿನ ಪೈಪು ಹಾಕಿದವರು ಮಾವ. ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ದೊಡ್ಡ ರೋಲರ್ ಓಡಿ, ರಸ್ತೆಯಂಚಿನ ಹನ್ನೊಂದು ಮನೆಗಳಲ್ಲಿ ನಡುಮನೆಯ ನೆಲದಡಿ ಪೈಪು ಬಿರುಕು ಬಿಟ್ಟಿತು. ಗಂಡ ಹನ್ನೊಂದರಲ್ಲೂ ಬಿರುಕಿನ ತುಂಡು ಕತ್ತರಿಸಿ ಹಿತ್ತಾಳೆಯ ಜಾಯಿಂಟು ಹಾಕಿದರು. ಮೇಲೆ ಸಿಮೆಂಟು ಮೆತ್ತದೆ, ಎತ್ತಿ ನೋಡಲು ಬರುವಂತೆ ಒಂದು ಹಸಿರು ಟೈಲು ಕೂರಿಸಿದರು. ಬೂದು ನೆಲದ ನಡುವೆ ಅದು ಎದ್ದು ಕಾಣುತ್ತಿತ್ತು. ಮುಖದ ಮೇಲೆ ತೇಪೆ ಹಾಕಿದ ಹಾಗಿದೆ ಎಂದು ಜನ ಗೊಣಗಿದ್ದರು. "ಕಾಣಲಿ ಅಂತಾನೇ ಹಾಕಿರೋದು. ನಾಳೆ ಬರೋ ಪ್ಲಂಬರು ಮನೆ ತುಂಬಾ ಹುಡುಕಬಾರದು," ಎಂದಿದ್ದರು ಇವರು.

ಇವರು ಹೋಗಿ ಎಂಟು ತಿಂಗಳು. ಹೇಗೆ ಎಂಬುದು ಈ ಕಥೆಗೆ ಬೇಕಿಲ್ಲ. ಆಮೇಲೆ ಮಾವನ ಫೋನು ಎತ್ತುವವರು ಯಾರೂ ಇರಲಿಲ್ಲವಾದ್ದರಿಂದ ನಾನು ಎತ್ತತೊಡಗಿದೆ. ಫೋನು ಎತ್ತಿದವಳು ಚೀಲ ಎತ್ತಿದೆ. ಚೀಲ ಎತ್ತಿದವಳು ಒಂದು ದಿನ ಕೇಳುಗೋಲು ಹಿಡಿದೆ. ಅದು ತೋಳುದ್ದದ ಉಕ್ಕಿನ ಸರಳು. ಒಂದು ತುದಿ ನೆಲಕ್ಕೆ, ಮರದ ಗುಂಡು ಕೂರಿಸಿದ ಇನ್ನೊಂದು ತುದಿ ಕಿವಿಗೆ. ನೆಲದಡಿ ನೀರು ಎಲ್ಲಿ ಚಿಮ್ಮುತ್ತಿದೆ ಎಂಬುದು ಅದರಲ್ಲಿ ಕೇಳಿಸುತ್ತದೆ. ಮಾವನಿಗೆ ಈಗ ಕೇಳಿಸುವುದಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಧ್ವನಿಶಾಸ್ತ್ರ. ಎರಡು ವರ್ಷ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಜನರ ಬಾಯಿಂದ ಬರುವ ಸದ್ದುಗಳನ್ನು ಬರೆದುಕೊಂಡವಳು. "ನಮ್ಮ ಸೊಸೆ ಕಿವಿಯಲ್ಲಿ ಎಂ.ಎ. ಮಾಡಿದಾಳೆ" ಎಂದು ಮಾವ ಕಂಡಕಂಡವರಿಗೆ ಹೇಳುತ್ತಿದ್ದರು. ಆ ತಿಂಗಳುಗಳಲ್ಲಿ ನನಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಯಾವುದೂ ಒಳಗೆ ಇಳಿಯುತ್ತಿರಲಿಲ್ಲ.

ನಾವು ಹೋಗುವಷ್ಟರಲ್ಲಿ ಸಿಸ್ಟರಮ್ಮನ ನಡುಮನೆಯಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಕುರ್ಚಿಗಳು ಮಂಚದ ಮೇಲೆ ಹತ್ತಿದ್ದವು. ಸಿಸ್ಟರಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೊರದಲ್ಲಿ ನೀರು ಬಾಚುತ್ತಿದ್ದರು. ಬಾಗಿಲಲ್ಲಿ ಬಡಾವಣೆ ಸಂಘದ ಕಾರ್ಯದರ್ಶಿ ನಿಂತಿದ್ದರು, ಪ್ಯಾಂಟು ಮೊಣಕಾಲಿಗೆ ಮಡಚಿ, ಕಂಕುಳಲ್ಲಿ ಸಂಘದ ನಡಾವಳಿ ಪುಸ್ತಕ. ಆ ಪುಸ್ತಕವಿಲ್ಲದೆ ಅವರನ್ನು ಯಾರೂ ನೋಡಿಲ್ಲ. ಬೀದಿಯಲ್ಲಿ ಅವರ ಹೆಸರೇ ನಡಾವಳಿ.

ನೆಲದ ನೀರನ್ನು ಬಾಗಿಲಾಚೆ ತಳ್ಳಿದ ಮೇಲೆ ಮಾವ ಹಸಿರು ಟೈಲು ಎತ್ತಿದರು. ಕೆಳಗಿನ ಗುಂಡಿ ತುಂಬಾ ಕೆಸರು ನೀರು. ಡಬ್ಬದಲ್ಲಿ ಮೊಗೆದು ಹೊರಗೆ ಹಾಕಿದೆವು. ವಾಲ್ವನ್ನು ತುಸು ತಿರುಗಿಸಿದ ಕೂಡಲೇ ಗುಂಡಿ ಮತ್ತೆ ತುಂಬಿ ಜಾಯಿಂಟು ಮುಚ್ಚಿಹೋಯಿತು. ಎರಡು ಸಲ ಹೀಗೇ ಆಯಿತು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಸ್ತ್ರಿ?" ಅಂದರು ನಡಾವಳಿ. "ಜಾಯಿಂಟೇ ಸೋರ್ತಾ ಇದೆ."

ಮಾವ ಇನ್ನೊಂದು ಡಬ್ಬ ನೀರು ಮೊಗೆದು ಹಾಕಿದರು.

"ನಾನು ಮನಸ್ಸಿಗೆ ನೋವು ಮಾಡೋಕೆ ಹೇಳ್ತಿಲ್ಲ. ಆದ್ರೆ ಒಂದು ಸೋರಿತು ಅಂದ್ರೆ ಹನ್ನೊಂದೂ ಸೋರೋವೇ. ಸಂಜೆ ಸಭೆ ಇದೆ. ಹೊರಗಿನ ಕಂಪನಿಯವರನ್ನ ಕರೆಸಿ ಹನ್ನೊಂದನ್ನೂ ಕಿತ್ತು ಹೊಸದು ಹಾಕಿಸೋದು ಅಂತ ಠರಾವು ಮಾಡ್ಬೇಕಾಗುತ್ತೆ. ಕಾರಣ ಬರೀದೆ ಆಗಲ್ಲ."

"ಏನಂತ ಬರೀತೀರಿ?" ನಾನು ಕೇಳಿದೆ.

ಅವರು ನನ್ನ ಮುಖ ನೋಡದೆ ಹೇಳಿದರು. "ಕಳಪೆ ಕಾಮಗಾರಿ ಅಂತ ಬರೆಯೋದು ವಾಡಿಕೆ."

ಎಂಟು ತಿಂಗಳಲ್ಲಿ ಬಹಳ ಜನ ಬಹಳ ಮಾತು ಹೇಳಿದ್ದರು. ಇದೊಂದು ಮಾತು ಒಳಗೆ ಇಳಿಯಿತು.

"ಮೇಸ್ತ್ರಿ, ಅಡೀಲಿ ಬೇರೆ ಜಾಯಿಂಟು ಏನಾದ್ರೂ ಇದೆಯಾ?" ಸಿಸ್ಟರಮ್ಮ ಕೇಳಿದರು.

ಇಲ್ಲ ಎಂದರೆ ಮಗನ ತಪ್ಪು. ಇದ್ದೀತು ಎಂದರೆ ಮಗನ ಮೇಲಿನ ಮಾತು ತೇಲಿಹೋಗುತ್ತಿತ್ತು. ಮಾವ ಗುಂಡಿಯನ್ನೇ ನೋಡುತ್ತಿದ್ದರು.

"ಇಲ್ಲ," ಅಂದರು. "ನೆಲದಡಿ ನಾನು ಜಾಯಿಂಟು ಹಾಕೋನಲ್ಲ. ಹಾಕಿದ್ರೆ ಮೇಲೆ ಮುಚ್ಚಳ ಬಿಟ್ಟಿರ್ತೀನಿ. ಮುಚ್ಚಳ ಇಲ್ಲ ಅಂದ್ರೆ ಜಾಯಿಂಟಿಲ್ಲ. ಇಲ್ಲಿಂದ ಅಡುಗೆಮನೆ ಗೋಡೆವರೆಗೆ ಅಖಂಡ ಪೈಪು, ದಪ್ಪದ್ದು. ಅದು ತೂತಾಗೋಕೆ ಇನ್ನೂ ಇಪ್ಪತ್ತು ವರ್ಷ ಬೇಕು."

ಆ ನಿಯಮ ಇಡೀ ಬಡಾವಣೆಗೆ ಗೊತ್ತು. ಗಂಡನಿಗೆ ಹಸಿರು ಟೈಲಿನ ಯೋಚನೆ ಬಂದದ್ದೂ ಅದರಿಂದಲೇ.

"ಹಾಗಾದ್ರೆ ಆಯ್ತಲ್ಲ," ಎಂದು ನಡಾವಳಿ ಪೆನ್ನು ತೆಗೆದರು.

"ನಾನು ಇನ್ನೂ ಕೇಳಿಲ್ಲ," ಅಂದೆ.

ಫ್ರಿಜ್ಜು, ಫ್ಯಾನು ಎಲ್ಲ ಮೊದಲೇ ನಿಂತಿದ್ದವು. ಸಿಸ್ಟರಮ್ಮ ಗೇಟಿಗೆ ಹೋಗಿ ಬೀದಿಗೆ ಕೂಗಿ ಹೇಳಿದರು: "ಐದು ನಿಮಿಷ ಎಲ್ಲರೂ ಮಿಕ್ಸಿ, ಟೀವಿ, ಬಾಯಿ, ಮೂರನ್ನೂ ಬಂದ್ ಮಾಡಿ. ಇಲ್ಲಿ ರೋಗಿ ಎದೆ ನೋಡ್ತಾ ಇದೀವಿ." ಮಾವ ವಾಲ್ವು ತಿರುಗಿಸಿದರು. ನಾನು ಮಂಡಿಯೂರಿ ಕೋಲು ನೆಲಕ್ಕಿಟ್ಟೆ.

ಹಸಿರು ಟೈಲಿನ ಹತ್ತಿರ ಸದ್ದು ದಪ್ಪಗಿತ್ತು. ಗುಂಡಿಗೆ ನೀರು ಬಂದು ಬೀಳುವ ಗುಳುಗುಳು. ಬಾಗಿಲ ಕಡೆ ಏನೂ ಇಲ್ಲ. ಅಡುಗೆಮನೆಯ ಹೊಸ್ತಿಲ ಕಡೆಗೆ ಸರಿದಂತೆ ಅದು ತೆಳ್ಳಗಾಯಿತು, ಚೂಪಾಯಿತು. ಯಾರೋ ಹಲ್ಲು ಕಚ್ಚಿ ಸಕಾರವನ್ನು ಉಸಿರು ಮುಗಿಯುವವರೆಗೆ ಎಳೆದಂತೆ. ಕಿರಿದಾದ ಸಂದಿಯಿಂದ ಒತ್ತಡದಲ್ಲಿ ಹೊರಡುವ ಸದ್ದು ಅದು. ಬಾಯಲ್ಲಾದರೂ ಅಷ್ಟೇ, ಪೈಪಿನಲ್ಲಾದರೂ ಅಷ್ಟೇ.

"ಇಲ್ಲಿ," ಅಂದೆ.

ಮಾವ ಅಳತೆಪಟ್ಟಿ ಹಿಡಿದರು. ಹಸಿರು ಟೈಲಿನಿಂದ ಎರಡೂವರೆ ಅಡಿ ಆಚೆ.

"ಅಲ್ಲಿ ಏನೂ ಇಲ್ಲಮ್ಮ," ಅಂದರು, ಮೆಲ್ಲಗೆ.

"ನೀರು ಕಾಣೋದು ಒಂದು ಕಡೆ, ತೂತು ಇರೋದು ಇನ್ನೊಂದು ಕಡೆ ಅಂತ ನೀವೇ ಹೇಳ್ಕೊಟ್ಟಿದ್ದು ಮಾವ. ಅಲ್ಲಿಂದ ಹರಿದು ಈ ಗುಂಡಿಗೆ ಬಂದು ಏಳ್ತಾ ಇದೆ."

"ಅಲ್ಲಿ ಸೋರೋಕೆ ಏನಾದ್ರೂ ಇರಬೇಕಲ್ಲ?"

ನಡಾವಳಿ ನಿಟ್ಟುಸಿರು ಬಿಟ್ಟರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಿ ಹೆತ್ತವರೇ ಬಿಟ್ರೂ ಕೈ ಹಿಡಿದವಳು..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಏನ್ರೀ, ಬಾಯಿಗೆ ವಾಲ್ವಿಲ್ವಾ ನಿಮಗೆ?" ಅಂದರು ಸಿಸ್ಟರಮ್ಮ.

ಮಾವ ನನ್ನನ್ನು ಪಕ್ಕಕ್ಕೆ ಕರೆದರು. ಕಿವಿ ಮಂದವಾದವರು ಗುಟ್ಟು ಹೇಳಿದರೆ ಮೂರು ಮನೆಗೆ ಕೇಳಿಸುತ್ತದೆ. "ಬೇರೆಯವರ ನೆಲ ಕಣಮ್ಮ. ಒಡೆದು ಏನೂ ಸಿಗದಿದ್ರೆ, ಮಗನ ಹೆಸರು ಉಳಿಸೋಕೆ ಮುದುಕ ಒಂಟಿ ಹೆಂಗಸಿನ ಮನೆ ಅಗೆದ ಅಂತಾರೆ. ನನಗೆ ಬೇಕಾದ್ದನ್ನ ನಾನು ಅಗೆಯೋ ಹಾಗಿಲ್ಲ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ನಡಾವಳಿ ಅರ್ಧಕ್ಕೆ ನುಂಗಿದ್ದರಲ್ಲೂ ಇತ್ತು. ನನಗೂ ಅದೇ ಅನುಮಾನ ಬಂದಿತ್ತು: ನನ್ನ ಕಿವಿಗೆ ಬೇಕಾದ್ದನ್ನು ಅದು ಕೇಳಿಸಿಕೊಳ್ಳುತ್ತಿದೆಯೇ? ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ಮದ್ದಿತ್ತು. ಯಾರ ಸದ್ದು ಎಂಬುದನ್ನು ಮುಚ್ಚಿಟ್ಟು ಕೇಳಿಸುತ್ತಿದ್ದರು.

"ಸರ್, ನೀವೇ ಪರೀಕ್ಷೆ ಮಾಡಿ," ಎಂದು ನಡಾವಳಿಗೆ ಹೇಳಿದೆ. "ನೆಲದ ಮೇಲೆ ಹನ್ನೆರಡು ಜಾಗ ಆರಿಸಿ ಪುಸ್ತಕದಲ್ಲಿ ನಂಬರು ಹಾಕಿ. ಯಾವುದು ಎಲ್ಲಿ ಅಂತ ನನಗೆ ಹೇಳ್ಬೇಡಿ. ನನ್ನ ಕಣ್ಣು ಕಟ್ಟಿ. ಸಿಸ್ಟರಮ್ಮ ನನ್ನ ಕೈ ಹಿಡಿದು ಸುತ್ತಾಡಿಸಿ ಹಿಂದುಮುಂದಾಗಿ ಒಂದೊಂದು ಕಡೆ ಕೂರಿಸಲಿ. ಕೋಲು ನೀವು ಇಡಿ. ನಾನು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡ್ತೀನಿ, ನೀವು ಬರ್ಕೊಳ್ಳಿ. ಮೂರು ಸುತ್ತು."

"ಕಣ್ಣಾಮುಚ್ಚಾಲೆ ಆಡೋ ವಯಸ್ಸಾ ನನ್ನದು?" ಅಂದರು ನಡಾವಳಿ. ಆದರೆ ಆಗಲೇ ಪುಸ್ತಕದಲ್ಲಿ ಹೊಸ ಹಾಳೆ ತಿರುವಿ, ಅಡಿಪಟ್ಟಿ ಇಲ್ಲದೆಯೂ ನೇರವಾದ ನಾಲ್ಕು ಗೆರೆ ಎಳೆದಿದ್ದರು.

"ಕೇಳೋಕೆ ನೀರು ಬಿಡ್ಬೇಕಾಗುತ್ತೆ ಸಿಸ್ಟರಮ್ಮ. ಮನೆ ಇನ್ನಷ್ಟು ತುಂಬುತ್ತೆ."

"ಕೆರೆಗೆ ಇನ್ನೊಂದು ಕೊಡ ಸುರಿದ್ರೆ ಏನಾಯ್ತು. ಬಿಡು." ಒಣಗಿದ ಟವೆಲೊಂದನ್ನು ತಂದು ನನ್ನ ಕಣ್ಣಿಗೆ ಕಟ್ಟಿದರು. ನರ್ಸಿನ ಗಂಟು, ಬಿಗಿಯಾಗಿಯೂ ಇತ್ತು, ನೋವೂ ಇರಲಿಲ್ಲ.

ಆ ಅರ್ಧ ಗಂಟೆ ನಾನು ಏನನ್ನೂ ನೋಡಲಿಲ್ಲ. ಬೀದಿ ಇಡೀ ಮೌನವಾಗಿತ್ತು. ಒಂದು ಸೈಕಲ್ಲು ಬಂದದ್ದನ್ನು ಯಾರೋ "ಶ್ಶ್" ಎಂದು ಇಳಿಸಿ ನಡೆಸಿದರು. ಸಿಸ್ಟರಮ್ಮ ನನ್ನ ಮೊಣಕೈ ಹಿಡಿದು ಆಪರೇಷನ್ ಆದವರನ್ನು ನಡೆಸುವ ಹಾಗೆ ನಡೆಸಿದರು. ಎಡಕ್ಕೆ, ಬಲಕ್ಕೆ, ಎರಡು ಸುತ್ತು ಗಿರಕಿ. ದಿಕ್ಕು ತಪ್ಪಿತು. ಎಲ್ಲೆಡೆಯೂ ನೀರು, ಎಲ್ಲೆಡೆಯೂ ಅದೇ ತಣ್ಣಗಿನ ನೆಲ. ಮರದ ಗುಂಡು ಕಿವಿಗೆ ಬರುತ್ತಿತ್ತು. ಎರಡು ಅಂದೆ. ಸೊನ್ನೆ. ಐದು. ಒಂದು. ಒಂಬತ್ತು. ಮಾವನ ಉಸಿರು ಬಾಗಿಲ ಕಡೆಯಿಂದ ಕೇಳಿಸುತ್ತಿತ್ತು. ಮೂರನೆಯ ಸುತ್ತಿನಲ್ಲಿ ನಡಾವಳಿ ಒಂದೇ ಜಾಗದಲ್ಲಿ ಎರಡು ಸಲ ಕೋಲಿಟ್ಟರಂತೆ, ನನ್ನನ್ನು ಸಿಕ್ಕಿಸಲು. ಎರಡು ಸಲವೂ ನಾನು ಮೂರು ಎಂದೆನಂತೆ.

ಟವೆಲು ಬಿಚ್ಚಿದಾಗ ಅವರು ಪುಸ್ತಕ ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಓದಿ," ಅಂದರು ಸಿಸ್ಟರಮ್ಮ.

"ನಾಲ್ಕನೇ ನಂಬರು, ಅಂದ್ರೆ ಹಸಿರು ಟೈಲು. ಐದು, ನಾಲ್ಕು, ಐದು." ಗಂಟಲು ಸರಿಮಾಡಿಕೊಂಡರು. "ಒಂಬತ್ತನೇ ನಂಬರು, ಆ ಹೊಸ್ತಿಲ ಹತ್ತಿರದ್ದು. ಒಂಬತ್ತು, ಒಂಬತ್ತು, ಒಂಬತ್ತೂವರೆ." ಪುಸ್ತಕ ಮುಚ್ಚಿದರು. "ಬರೆದದ್ದು ಬರೆದದ್ದೇ. ನಾನು ಸುಳ್ಳು ಬರೆಯೋನಲ್ಲ. ಒಡೀರಿ ಮೇಸ್ತ್ರಿ."

ಮಾವ ಸಿಸ್ಟರಮ್ಮನ ಮುಖ ನೋಡಿದರು.

"ನನ್ನ ನೆಲ. ಒಡೀರಿ ಅಂದ್ನಲ್ಲ," ಅಂದರು ಅವರು. ಅಂದಿರಲಿಲ್ಲ.

ವಾಲ್ವು ಮುಚ್ಚಿ ನೆಲದ ನೀರನ್ನು ಮತ್ತೆ ಬಾಗಿಲಾಚೆ ತಳ್ಳಿದೆವು. ಮಾವ ಎಡಗೈಯವರು. ಉಳಿ ಬಲಗೈಯಲ್ಲಿ, ಸುತ್ತಿಗೆ ಎಡಗೈಯಲ್ಲಿ. ಎರಡು ಟೈಲು, ಕಾಂಕ್ರೀಟು, ಮರಳು. ಒಂದು ಗೇಣು ಇಳಿದ ಮೇಲೆ ಕಪ್ಪು ಪೈಪಿನ ಬೆನ್ನು ಕಂಡಿತು. ನಾನು ವಾಲ್ವನ್ನು ಒಂದು ಸುತ್ತು ತಿರುಗಿಸಿದೆ. ಗುಂಡಿಯಿಂದ ನೂಲಿನಷ್ಟು ತೆಳ್ಳಗಿನ ನೀರು ಚಿಮ್ಮಿ ಮಾವನ ಗಲ್ಲಕ್ಕೆ ಹೊಡೆಯಿತು. ಸಿಸ್ಟರಮ್ಮ ಚಪ್ಪಾಳೆ ತಟ್ಟಿದರು. ನಾನು ವಾಲ್ವು ಮುಚ್ಚಿದೆ.

ಮಾವ ಗುಂಡಿಯಲ್ಲಿ ಕೈಯಿಟ್ಟು ಪೈಪಿನ ಸುತ್ತ ತಡವಿದರು. ಕೈ ಒಂದು ಕಡೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

"ತುಕ್ಕು ಹಿಡಿದು ತೂತಾಗಿದೆಯಾ?" ನಡಾವಳಿ ಕೇಳಿದರು.

"ಇಲ್ಲ. ಸಾಕೆಟ್ಟು. ಇಲ್ಲೊಂದು ಜಾಯಿಂಟಿದೆ."

ಬಟ್ಟೆಯಿಂದ ಒರೆಸಿದರು. ಎರಡು ಪೈಪುಗಳನ್ನು ಸೇರಿಸುವ ಹಳೆಯ ಕಬ್ಬಿಣದ ಬಳೆ. ಅದರ ಬಾಯಲ್ಲಿ ಸುತ್ತಿದ್ದ ಸೆಣಬಿನ ನೂಲು ಕೊಳೆತು ಎಳೆಎಳೆಯಾಗಿ ಹೊರಬಂದಿತ್ತು. ನಾನು ಬಗ್ಗಿ ನೋಡಿದೆ. ನೂಲಿನ ಸುತ್ತು ತಿರುಗುಮುರುಗಾಗಿತ್ತು. ಬಲಗೈಯವರು ಯಾರೂ ಹಾಗೆ ಸುತ್ತುವುದಿಲ್ಲ. ಬಡಾವಣೆಯಲ್ಲಿ ಹಾಗೆ ಸುತ್ತುವವರು ಒಬ್ಬರೇ.

ಅದು ನನಗೆ ಗೊತ್ತಾಯಿತು. ಮಾವನಿಗೆ ಗೊತ್ತಾಯಿತು. ಉಳಿದಿಬ್ಬರಿಗೆ ಗೊತ್ತಾಗುವಂತಿರಲಿಲ್ಲ. ಯಾರೋ ನಡುವೆ ಬಂದು ಹಾಕಿರಬೇಕು ಎಂದು ಒಂದು ಮಾತು ಸಾಕಿತ್ತು. ನಲವತ್ತು ವರ್ಷದ ನಿಯಮ ಹಾಗೇ ಉಳಿಯುತ್ತಿತ್ತು.

ಮಾವ ಗುಂಡಿಯ ಅಂಚಿನಲ್ಲಿ ಕೆಸರಿನಲ್ಲೇ ಕುಳಿತರು.

"ನನ್ನದೇ," ಅಂದರು. "ಈಗ ನೆನಪಾಯ್ತು. ಇಪ್ಪತ್ಮೂರು ವಯಸ್ಸು ನನಗೆ. ಅಳತೆ ತಪ್ಪಿ ಪೈಪು ಒಂದು ಗೇಣು ಗಿಡ್ಡ ಕೊಯ್ದಿದ್ದೆ. ಸಂಜೆ ಆಗಿತ್ತು, ಬೆಳಿಗ್ಗೆ ಕಾಂಕ್ರೀಟು ಹಾಕೋರಿದ್ರು. ತುಂಡು ಸೇರಿಸ್ಬಿಟ್ಟೆ. ಮೇಲೆ ಮುಚ್ಚಳ ಬಿಡ್ಬೇಕಿತ್ತು. ಬಿಟ್ಟಿದ್ರೆ ಇವನಿಗೆ ಅಳೆಯೋಕೆ ಬರಲ್ಲ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಮುಚ್ಚಿಬಿಟ್ಟೆ. ಆಮೇಲೆ ಒಂದು ತಿಂಗಳು ನಿದ್ದೆ ಬರಲಿಲ್ಲ. ಆಗ ಮಾಡ್ಕೊಂಡೆ ನಿಯಮ, ಮುಚ್ಚಳ ಇಲ್ದೆ ಜಾಯಿಂಟು ಹಾಕಲ್ಲ ಅಂತ. ನಿಯಮ ಹೇಳಿ ಹೇಳಿ ಇದನ್ನೇ ಮರೆತೆ."

ಆಮೇಲೆ ಮಾವ ಎದ್ದರು. ಅಂಗಿಯ ತುಂಬಾ ಕೆಸರು. ಬೆನ್ನು ನೆಟ್ಟಗಾಗಿತ್ತು.

"ಬರೀರಿ ಸ್ವಾಮಿ," ಎಂದು ನಡಾವಳಿಗೆ ಹೇಳಿದರು. ಅವರ ಗಟ್ಟಿ ದನಿ ಗೇಟಿನಾಚೆ ನಿಂತ ಬೀದಿಯವರಿಗೆಲ್ಲ ಕೇಳಿಸುತ್ತಿತ್ತು. "ಸೋರಿದ್ದು ಅಪ್ಪ ಹಾಕಿದ್ದು. ಮಗ ಹಾಕಿದ್ದು ಸೋರಿಲ್ಲ. ಕಳಪೆ ಕಾಮಗಾರಿ ಅಂತ ಬರೀಬೇಕಾದ್ರೆ ನನ್ನ ಹೆಸರಿನ ಮುಂದೆ ಬರೀರಿ. ದಪ್ಪಗೆ ಬರೀರಿ."

ತನ್ನ ತಪ್ಪನ್ನು ಇಷ್ಟು ಎದೆಯುಬ್ಬಿಸಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

"ತಡೀರಿ ಮೇಸ್ತ್ರಿ," ಅಂದರು ನಡಾವಳಿ. "ನಿಮ್ಮದು ಸೋರಿದೆ ಅನ್ನೋದು ಕಂಡೆ. ನಿಮ್ಮ ಮಗಂದು ಸೋರಿಲ್ಲ ಅನ್ನೋದು ಇನ್ನೂ ಕಂಡಿಲ್ಲ."

"ಈಗ ನೋಡಿದ್ರಾ, ಇವರು ಮನುಷ್ಯರು," ಅಂದರು ಮಾವ, ಖುಷಿಯಿಂದ. "ಅಮ್ಮಾ, ಸ್ಪ್ಯಾನರು ತಗೋ."

ಹಳೆಯ ಬಳೆಯನ್ನೂ ಅದರ ಎರಡೂ ಬದಿಯ ಪೈಪನ್ನೂ ಅವರು ಕೊಯ್ದು ತೆಗೆದರು. ಹೊಸ ತುಂಡನ್ನು ನಾನೇ ಅಳೆದೆ, ಎರಡು ಸಲ. ಜಾಯಿಂಟನ್ನು ಕೂರಿಸಿ ಬಿಗಿದದ್ದೂ ನಾನೇ, ಅವರು ಪಕ್ಕದಲ್ಲಿ ಕುಳಿತು, "ಇನ್ನು ಕಾಲು ಸುತ್ತು. ಸಾಕು. ಸಾಕು ಅಂದ್ನಲ್ಲ, ಅದೇನು ಮಲ್ಲಯುದ್ಧವಾ" ಎನ್ನುತ್ತಿದ್ದರು. ನೆಲದ ನೀರನ್ನು ಪೂರ್ತಿ ಬಾಚಿ, ಎರಡೂ ಗುಂಡಿಗಳ ನೀರು ಮೊಗೆದು, ಜಾಯಿಂಟುಗಳನ್ನು ಒರೆಸಿ ಒಣಗಿಸಿ, ಎರಡಕ್ಕೂ ಹಳೆಯ ಪೇಪರಿನ ಪಟ್ಟಿ ಸುತ್ತಿದೆವು. ಬೆವರಿನಷ್ಟು ಸೋರಿದರೂ ಪೇಪರು ಕಪ್ಪಾಗುತ್ತದೆ. ವಾಲ್ವು ಪೂರ್ತಿ ತೆರೆದೆ.

ಇಪ್ಪತ್ತು ನಿಮಿಷ ಎಂದರು ನಡಾವಳಿ. ಗಡಿಯಾರ ನೋಡುತ್ತಾ ನಿಂತರು. ಸಿಸ್ಟರಮ್ಮ ಗ್ಯಾಸು ಹೊತ್ತಿಸಿ ಚಹಾ ಮಾಡಿದರು. ಒದ್ದೆ ನೆಲದಲ್ಲಿ ನಿಂತುಕೊಂಡೇ ಕುಡಿದೆವು.

ಇಪ್ಪತ್ತು ನಿಮಿಷವಾದ ಮೇಲೆ ನಡಾವಳಿ ತಾವೇ ಹಸಿರು ಟೈಲಿನ ಗುಂಡಿಗೆ ಬಗ್ಗಿ ಪೇಪರು ಬಿಚ್ಚಿದರು. ಬೆರಳಿಂದ ತಿಕ್ಕಿದರು. ಕೆನ್ನೆಗೆ ಒತ್ತಿ ನೋಡಿದರು. ನನಗೆ ಕೊಟ್ಟರು. ಹಪ್ಪಳದ ಹಾಗೆ ಗರಿಗರಿಯಾಗಿತ್ತು.

ನಾನು ಗುಂಡಿಯೊಳಗೆ ಕೈ ಹಾಕಿದೆ. ಹಿತ್ತಾಳೆ ತಣ್ಣಗಿತ್ತು. ಜಾಯಿಂಟಿನ ಬಾಯಿಗೆ ಸುತ್ತಿದ ಟೇಪಿನ ಕೊನೆಯನ್ನು ಇವರು ಎಲ್ಲಿ ಒತ್ತಿ ಮುಗಿಸಿದ್ದರು ಎಂಬುದು ಬೆರಳಿಗೆ ತಾಗಿತು. ಒಳಗೆ ನೀರು ಓಡುತ್ತಿರುವುದು ಗೊತ್ತಾಗುತ್ತಿತ್ತು. ಹೊರಗೆ ಒಂದು ಹನಿಯೂ ಇರಲಿಲ್ಲ. ಕೈ ತೆಗೆಯಲು ಸ್ವಲ್ಪ ಹೊತ್ತಾಯಿತು. ಯಾರೂ ಅವಸರ ಮಾಡಲಿಲ್ಲ.

"ಹನ್ನೊಂದು ಜಾಯಿಂಟನ್ನೂ ಮುಟ್ಟೋದು ಬೇಡ," ಎಂದು ನಡಾವಳಿ ಬರೆಯುತ್ತಲೇ ಓದಿದರು. ಪೆನ್ನು ನಿಲ್ಲಿಸಿದರು. "ಆದ್ರೆ ಮೇಸ್ತ್ರಿ, ನಿಮ್ಮ ಹಳೇ ಲೈನು? ಇಂಥದ್ದು ಇನ್ನೆಷ್ಟು ಮನೇಲಿ ಮುಚ್ಚಿಟ್ಟಿದೀರಿ?"

"ಇದೊಂದೇ ಅಂತ ಅಂದ್ಕೊಂಡಿದೀನಿ. ಬೆಳಿಗ್ಗೆವರೆಗೆ ಒಂದೂ ಇಲ್ಲ ಅಂತ ಅಂದ್ಕೊಂಡಿದ್ದೆ. ಹಾಗಾಗಿ ನನ್ನ ಮಾತು ನಂಬಬೇಡಿ. ನಾಳೆಯಿಂದ ನಲವತ್ತು ಮನೇನೂ ಕೇಳ್ತಾ ಬರ್ತೀವಿ. ನಾನು ಕೋಲು ಹೊರ್ತೀನಿ, ಇವಳು ಕೇಳ್ತಾಳೆ."

"ಕಣ್ಣು ಕಟ್ಟಿಕೊಂಡಾ?"

"ನೀವು ಬಂದು ಕಟ್ಟೋದಾದ್ರೆ ಕಟ್ಟಿ," ಅಂದೆ.

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಗೇಟಿನಲ್ಲೇ ನಿಂತಿದ್ದರು. ಯಾವಾಗಿನಿಂದಲೋ ಗೊತ್ತಿಲ್ಲ. ಮಾವ ರಸ್ತೆಯಾಚೆಯಿಂದಲೇ ಕೂಗಿದರು, ಪರೀಕ್ಷೆಯ ಫಲಿತಾಂಶ ಹೇಳುವವರ ಹಾಗೆ. "ಹುಡುಗಂದು ಹಿಡಿದಿದೆ ಕಣೇ. ನಂದು ಸೋರಿತು."

"ನಿಮ್ಮದು ಸೋರೋದೇನು ಹೊಸದು," ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಮುಟ್ಟಿ ನೋಡಿದ್ಯಾ?"

"ನೋಡಿದೆ ಅತ್ತೆ."

"ಒಣಗಿತ್ತಾ?"

"ಒಣಗಿತ್ತು."

ಅವರು ತಲೆಯಾಡಿಸಿ ಒಳಗೆ ಹೋದರು. ನಾನು ಬಚ್ಚಲಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದಾಗ ಮಾವ ನಡೆದದ್ದನ್ನೆಲ್ಲ ಹೇಳುವುದು ಕೇಳಿಸಿತು, ಆಮೇಲೆ ಫೋನಿನ ನಂಬರು ಒತ್ತಿದ ಸದ್ದು. ಅತ್ತೆ ತಮ್ಮ ಅಕ್ಕನಿಗೆ ಹೇಳಿದರು. ಆಮೇಲೆ ನಾದಿನಿಗೆ. ಆಮೇಲೆ, ಯಾವತ್ತೂ ಮಾತಾಡದ ಹಿಂದಿನ ಬೀದಿಯವರಿಗೆ. ಪ್ರತಿ ಸಲವೂ ಕಥೆ ಉದ್ದವಾಗುತ್ತಾ ಹೋಯಿತು. ಕಣ್ಣಿಗೆ ಕಟ್ಟಿದ ಟವೆಲು ಎರಡಾಯಿತು. ಹನ್ನೆರಡು ಜಾಗ ಇಪ್ಪತ್ತಾಯಿತು. ನಾನು ಸುಮ್ಮನೆ ಕೇಳುತ್ತಿದ್ದೆ.

"ಕಣ್ಣು ಕಟ್ಟಿಕೊಂಡೇ ಹೇಳಿದ್ಲು ಅಂತೀನಿ, ಅವನ ಜಾಯಿಂಟಿಗೂ ತೂತಿಗೂ ಒಂದಡಿ ದೂರ ಇದೆ ಅಂತ..."

"ಎರಡೂವರೆ," ಎಂದು ನಾನು ಬಚ್ಚಲಿನಿಂದಲೇ ಕೂಗಿದೆ. ನನ್ನ ದನಿ ಇಷ್ಟು ದೊಡ್ಡದಾಗಿ ಹೊರಟು ಬಹಳ ದಿನವಾಗಿತ್ತು. "ಎರಡೂವರೆ ಅಡಿ ಅತ್ತೆ. ಸರಿಯಾಗಿ ಹೇಳಿ."